ಅತ್ತೆಯ ಆಲೂಗಡ್ಡೆ ಕೋಣೆ

ನಮ್ಮ ಅತ್ತೆ ಆಲೂಗಡ್ಡೆಯನ್ನು ಮೊದಲು ಮೂಸಿ ನೋಡುತ್ತಾರೆ. ಆಮೇಲೆ ಹೆಬ್ಬೆರಳಿನಿಂದ ಒತ್ತುತ್ತಾರೆ. ಕಡೆಗೆ ಅಂಗೈಯಲ್ಲಿ ಒಂದು ಸುತ್ತು ತಿರುಗಿಸಿ, "ಇದು ಎಳ್ಳಮಾಸಿ ತನಕಾ ಇರತೈತಿ, ಅತ್ಲಾಗ ಇಡು. ಇದನ್ನ ಇವತ್ತ ಪಲ್ಯಾಕ್ಕ ಹಾಕು" ಎಂದು ತೀರ್ಪು ಕೊಡುತ್ತಾರೆ. ಆ ತೀರ್ಪಿನ ಮೇಲೆ ಅಪೀಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಒಂದೆರಡು ಸಲ ಅಪೀಲು ಹಾಕಿ ನೋಡಿದ್ದೆ. "ಅಕ್ಕಿ ಊರಿಂದ ಬಂದಾಕಿ ನೀ. ಗಡ್ಡಿ ಕೆಡೂದು ನಿನಗೇನ್ ಗೊತ್ತು?" ಎಂದು ಬಾಯಿ ಮುಚ್ಚಿಸಿದ್ದರು. ನನ್ನ ತವರು ಗಂಗಾವತಿ ಕಡೆ, ಕಾಲುವೆ ನೀರಿನ ಊರು. ಗಂಡನ ಮನೆ ಕುಕನೂರಿನ ಹತ್ತಿರದ ಹಳ್ಳಿ, ಜೋಳ, ಕಡಲೆ, ಈರುಳ್ಳಿ (ನಮ್ಮ ಬಾಯಲ್ಲಿ ಉಳ್ಳಾಗಡ್ಡಿ) ಬೆಳೆಯುವ ಎರೆಹೊಲದ ಸೀಮೆ. ಇಲ್ಲಿ ಮೂರು ಹೊತ್ತು ಅನ್ನ ತಿಂದು ಬೆಳೆದವಳು ಅಂದರೆ ಒಂದು ತೂಕ ಕಡಿಮೆ ಅಂತಲೇ ಲೆಕ್ಕ. ಆಗ ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಈಗ ಅದೇ ಹೆಂಗಸಿನ ಬಗ್ಗೆ ಬರೆಯಲು ಕೂತಿದ್ದೇನೆ. ಸಿಟ್ಟು ಪೂರ್ತಿ ಹೋಗಿಲ್ಲ, ಆದರೆ ಅದರ ಮೇಲೆ ಅಭಿಮಾನ ಬೆಟ್ಟದಷ್ಟು ಬಂದು ಕೂತಿದೆ.

ನಮ್ಮದು ಅರ್ಧ ಹೊಸ, ಅರ್ಧ ಹಳೆಯ ಮನೆ. ಮುಂದಿನ ಭಾಗಕ್ಕೆ ಸ್ಲ್ಯಾಬ್ ಹಾಕಿಸಿ, ಟೈಲ್ಸ್ ಕೂರಿಸಿದ್ದಾರೆ. ಹಿಂದಿನದು ಹಾಗೇ ಉಳಿದಿದೆ: ಮಣ್ಣಿನ ಮಾಳಿಗೆ, ದಪ್ಪ ಗೋಡೆ, ನೆಲಕ್ಕೆ ಬಂಡೆಕಲ್ಲು. ಅದರೊಳಗಿನ ಒಂದು ಕೋಣೆಗೆ ಕಿಟಕಿಯೇ ಇಲ್ಲ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತಂತೆ, ಮಳೆ ಸೋರುತ್ತದೆಂದು ಮಾವನವರು ಬದುಕಿದ್ದಾಗಲೇ ಮುಚ್ಚಿಸಿದ್ದರು. ಗಾಳಿಗೆಂದು ಗೋಡೆಯಲ್ಲಿ ಬಿಟ್ಟ ತೂತುಗಳು ಓರೆಯಾಗಿವೆ, ಗಾಳಿ ಬರುತ್ತದೆ, ಬೆಳಕು ಬರುವುದಿಲ್ಲ. ಹೊರಗೆ ಬೇಸಿಗೆಯ ಬಿಸಿಲು ತಲೆ ಸುಡುತ್ತಿದ್ದರೂ ಒಳಗೆ ಕಾಲಿಟ್ಟರೆ ಹಾಯೆನಿಸುತ್ತದೆ. ಎಲ್ಲರೂ ಅದನ್ನು ಕತ್ತಲಕೋಣೆ ಅನ್ನುತ್ತಾರೆ. ಕಾಳು, ಬೆಲ್ಲ, ಎಣ್ಣೆಡಬ್ಬಿ, ಉಪ್ಪಿನಕಾಯಿ ಭರಣಿ ಎಲ್ಲ ಅಲ್ಲೇ. ಅದರ ಕೀಲಿಕೈ ಅತ್ತೆಯ ಸೊಂಟದಲ್ಲಿ. ಈ ಮನೆಯಲ್ಲಿ ಇವತ್ತು ಏನು ಅಡುಗೆ ಎಂಬುದು ಆ ಕೋಣೆಯ ಬಾಗಿಲಲ್ಲಿ ನಿರ್ಧಾರವಾಗುತ್ತದೆ, ಒಲೆಯ ಮುಂದೆ ಅಲ್ಲ. ಒಲೆಯ ಮುಂದೆ ನಿಲ್ಲುವವಳು ನಾನು. ನನ್ನ ಗಂಡ ಹಿಟ್ನಾಳದ ಕಡೆ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಾರೆ, ವಾರಕ್ಕೊಮ್ಮೆ ಬರುತ್ತಾರೆ. ಭಾವ, ಅಂದರೆ ಗಂಡನ ಅಣ್ಣ, ಹೊಲ ನೋಡಿಕೊಂಡು ಇಲ್ಲೇ ಇದ್ದಾರೆ. ಅವರ ಹೆಂಡತಿ ಮಕ್ಕಳ ಶಾಲೆಗೆಂದು ಕೊಪ್ಪಳದಲ್ಲಿ ಮನೆ ಮಾಡಿದ್ದಾರೆ. ಹೀಗಾಗಿ ದಿನಬೆಳಗಾದರೆ ಮನೆಯಲ್ಲಿ ಮೂರೇ ಜನ.

ನಾದಿನಿಯನ್ನು ಬೆಳಗಾವಿ ಕಡೆ ಕೊಟ್ಟಿದೆ. ಬೀಗರದು ಆಲೂಗಡ್ಡೆ ಬೆಳೆಯುವ ಮನೆತನ. ಮದುವೆಯಾದ ವರ್ಷವೇ ದಸರೆಯ ಹೊತ್ತಿಗೆ ಅವರು ತಮ್ಮ ಹೊಲದ ಆಲೂಗಡ್ಡೆ ಒಂದು ಚೀಲ ಕಳಿಸಿದರು. ಬೀಗರ ನಡುವೆ ಇದು ಇದ್ದದ್ದೇ, ನಾವು ಅವರಿಗೆ ಜೋಳ ಕಳಿಸುತ್ತೇವೆ, ಅವರು ನಮಗೆ ತಮ್ಮಲ್ಲಿ ಬೆಳೆದದ್ದು ಕಳಿಸುತ್ತಾರೆ. ಆದರೆ ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಆಲೂಗಡ್ಡೆ ಅಂದರೆ ಸಂತೆಯಿಂದ ಕೈಚೀಲದಲ್ಲಿ ಬರುವ ವಸ್ತು. ತುಂಬಿದ ಚೀಲವನ್ನು ಏನು ಮಾಡಬೇಕು ಎಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಜಾಯಮಾನ ಅತ್ತೆಯದಲ್ಲ. "ಗಡ್ಡಿ ಅಂದ್ರ ಗಡ್ಡೀನ. ಉಳ್ಳಾಗಡ್ಡಿ ಇಡಾಕ ಬರ್ತೈತಿ, ಇದು ಬರಂಗಿಲ್ಲೇನು?" ಎಂದು ಪಡಸಾಲೆಯಲ್ಲಿ, ಗಾಳಿ ಬೆಳಕು ಚೆನ್ನಾಗಿ ಆಡುವ ಕಡೆ, ಉಳ್ಳಾಗಡ್ಡಿಯ ಪಕ್ಕದಲ್ಲೇ ಹರವಿಸಿದರು. ಉಳ್ಳಾಗಡ್ಡಿ ಬೆಳೆಯುವ ನಮ್ಮ ಸೀಮೆಯ ಯಾರೇ ಆದರೂ ಹಾಗೇ ಮಾಡುತ್ತಿದ್ದರು. ಉಳ್ಳಾಗಡ್ಡಿಗೆ ಅಮೃತವಾದದ್ದು ಆಲೂಗಡ್ಡೆಗೆ ವಿಷವಾಯಿತು. ದೀಪಾವಳಿ ಬರುವಷ್ಟರಲ್ಲಿ ಎಲ್ಲವೂ ಹಸಿರು ತಿರುಗಿದವು. ಸಿಪ್ಪೆ ತೆಗೆದು ಬೇಯಿಸಿದರೂ ನಾಲಿಗೆಗೆ ಕಹಿ. ಮೊದಲ ತುತ್ತು ಬಾಯಿಗಿಟ್ಟ ಅತ್ತೆ ಅದನ್ನು ಉಗಿದು, ಪಲ್ಯದ ಪಾತ್ರೆಯನ್ನೇ ಎತ್ತಿ ತಿಪ್ಪೆಗೆ ಸುರಿದು ಬಂದರು. "ಎಮ್ಮಿ ಮುಂದೂ ಹಾಕಬ್ಯಾಡ್ರಿ" ಅಂದರು. ಆ ದಿನ ಅವರ ಮುಖ ನೋಡುವಂತಿರಲಿಲ್ಲ. ನನಗೆ ಒಳಗೊಳಗೇ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಆದರೆ ಮರುದಿನ ಬೆಳಿಗ್ಗೆ ಅವರು ಮಾಡಿದ್ದನ್ನು ನಾನು ನಿರೀಕ್ಷಿಸಿರಲಿಲ್ಲ. "ಬೀಗತಿಗೆ ಫೋನ್ ಹಚ್ಚು" ಅಂದರು. ಬೀಗತಿ ಅಂದರೆ ಮಗಳ ಅತ್ತೆ, ಅವರ ಮುಂದೆ ಒಂದು ಮೆಟ್ಟಿಲು ಇಳಿದು ಮಾತಾಡುವುದು ಹೆಣ್ಣು ಕೊಟ್ಟವರಿಗೆ ಸುಲಭವಲ್ಲ, ಅದೂ ಕಳಿಸಿದ ಚೀಲ ಹಾಳಾಗಿದೆ ಎಂದು ಹೇಳಿಕೊಂಡು. ಅತ್ತೆ ಮಾತ್ರ ನೇರವಾಗಿ, "ಎಲ್ಲಾ ಹಾಳು ಮಾಡೀನ್ರೀ. ಹೆಂಗ ಇಡೂದು, ಮೊದಲಿಂದ ಹೇಳ್ರಿ" ಎಂದು ಕೇಳಿದರು. ಆ ಕಡೆಯಿಂದ ಬಂದ ಒಂದೊಂದು ಮಾತಿಗೂ "ಹೂಂರಿ" ಅನ್ನುತ್ತ ನಿಂತೇ ಇದ್ದರು. ತೊಳೆಯಬಾರದು. ಮಣ್ಣು ಒಣಗಿದ ಮೇಲೆ ಕೈಯಿಂದ ಉದುರಿಸಬೇಕು. ಗುದ್ದಲಿ ತಾಗಿದ್ದು, ಪೆಟ್ಟು ಬಿದ್ದದ್ದು ಮೊದಲು ಬೇರೆ ಮಾಡಿ ತಿಂದು ಮುಗಿಸಬೇಕು. ಉಳ್ಳಾಗಡ್ಡಿಯ ನೆರಳೂ ಬೀಳಬಾರದು. ಗಾಳಿ ಬೇಕು, ಬೆಳಕು ಒಂದು ಎಳೆಯೂ ಕೂಡದು. ಫೋನು ಇಟ್ಟ ಮೇಲೆ, "ಹೇಳಿದ್ದು ಅರ್ಧಾ ನನಗ ಗೊತ್ತ ಇತ್ತು" ಅಂದರು. ಅದು ಅತ್ತೆ.

ಮುಂದಿನ ವರ್ಷದಿಂದ ಬೀಗರ ಚೀಲ ಸೀದಾ ಕತ್ತಲಕೋಣೆಗೆ ಹೋಯಿತು. ಬೀಗತಿಯ ಪಾಠಕ್ಕೆ ಅತ್ತೆ ತಮ್ಮದನ್ನೂ ಸೇರಿಸಿದರು. ಹಳ್ಳದ ಮರಳನ್ನು ಬಿಸಿಲಿಗೆ ಒಣಗಿಸಿ ನೆಲಕ್ಕೆ ಹಾಸಿದರು, ಅದರ ಮೇಲೆ ಬೇವಿನ ಒಣಎಲೆ, ಅದರ ಮೇಲೆ ಒಂದಕ್ಕೊಂದು ತಾಗದಂತೆ ಆಲೂಗಡ್ಡೆ. ಅಲ್ಲಿ ಹಿಡಿಸದೆ ಉಳಿದದ್ದು ಬಿದಿರು ಬುಟ್ಟಿಗೆ, ಮೇಲೆ ಗೋಣಿತಟ್ಟು. ಕೊಳೆತ ವಾಸನೆ ಎಳ್ಳಷ್ಟು ಬಂದರೂ ಹುಡುಕಿ ಅದೊಂದನ್ನೇ ಎತ್ತಿ ಹೊರಗೆ ಎಸೆಯುವರು. ದಿನವೂ ಒಮ್ಮೆ ಒಳಗೆ ಹೋಗಿ ಎಲ್ಲದರ ಮೇಲೂ ಕೈಯಾಡಿಸಿ ಬರುವರು. ಮೊಳಕೆ ತಲೆ ಎತ್ತುವ ಮೊದಲೇ ಅವರ ಬೆರಳಿಗೆ ಗೊತ್ತಾಗುತ್ತಿತ್ತು. ಸಂಕ್ರಾಂತಿಯ ಹೊತ್ತಿಗೆ ನಮ್ಮ ಆಲೂಗಡ್ಡೆ ಗಟ್ಟಿಯಾಗಿ, ನಿನ್ನೆ ಕಿತ್ತವುಗಳಂತೆ ಇರುತ್ತಿದ್ದವು. ಇರಕಲ್ಲಗಡದಿಂದ ಬಂದ ನೆಂಟರೊಬ್ಬರು, "ಫ್ರಿಜ್ಜಿನಾಗ ಇಟ್ಟಿದ್ರೇನು?" ಎಂದು ಕೇಳಿದ್ದಕ್ಕೆ, "ಫ್ರಿಜ್ಜಿನಾಗ ಇಟ್ರ ಸಿಹಿ ಆಗ್ತಾವು. ನಾವೇನ್ ಹುಚ್ಚರೇನು?" ಎಂದು ತಿರುಗಿ ಕೇಳಿದ್ದರು. ಆ ಮಾತನ್ನು ಊರಲ್ಲಿ ಹತ್ತು ಮನೆಗೆ ತಾವೇ ಹೇಳಿಕೊಂಡು ಬಂದರು.

ಅಂಥವರಿಗೆ ಕಣ್ಣು ಮಂಜಾಗತೊಡಗಿತು. ನಾವೆಲ್ಲ ಪೊರೆ ಅಂದುಕೊಂಡೆವು. ಹುಬ್ಬಳ್ಳಿಗೆ ಕರೆದುಕೊಂಡು ಹೋದರೆ ಡಾಕ್ಟರು ಬೇರೆಯೇ ಹೇಳಿದರು. ಕಣ್ಣೊಳಗಿನ ಒತ್ತಡ ಹೆಚ್ಚಿ ನರ ಒಣಗಿದೆ, ಹೋದ ದೃಷ್ಟಿ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಲು ತಪ್ಪದೆ ಹನಿ ಹಾಕಬೇಕು. ಬೆಳಿಗ್ಗೆ ಸಂಜೆ ನಾನೇ ಹನಿ ಹಾಕುತ್ತಿದ್ದೆ. ಅವರು ತಲೆ ಹಿಂದಕ್ಕೆ ಮಾಡಿ, "ನಿನ್ನ ಕೈ ಭಾಳ ನಡಗತೈತಿ" ಎಂದು ಬೈಯುತ್ತಲೇ ಹಾಕಿಸಿಕೊಳ್ಳುವರು. ಆದರೂ ನೋಟ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತ ಹೋಯಿತು. ಒಂದು ದಿನ ಕತ್ತಲಕೋಣೆಯಲ್ಲಿ ಎಣ್ಣೆಡಬ್ಬಿಗೆ ಎಡವಿ ಬಿದ್ದು ಮೊಣಕೈ ತರಚಿಕೊಂಡರು. ಅವತ್ತು ಭಾವ ಪಟ್ಟು ಹಿಡಿದರು. "ಇನ್ನ ಸಾಕು ಯವ್ವಾ. ಕೀಲಿಕೈ ಸೊಸಿಗೆ ಕೊಟ್ಟು ನೀ ಹೊರಗ ಆರಾಮ ಕುಂದ್ರು" ಅಂದರು.

ಆರಾಮ ಎಂಬ ಮಾತು ಕೇಳಿ ಅತ್ತೆಯ ಮುಖ ಬಿಳಿಚಿಕೊಂಡಿತು. ಅದನ್ನು ನಾನು ಎದುರಿಗೆ ನಿಂತು ನೋಡಿದೆ. ಅವರಿಗೆ ಆ ಕೋಣೆ ಬರೀ ಸಾಮಾನಿನ ಕೋಣೆ ಆಗಿರಲಿಲ್ಲ. ಗಂಡ ಹೋದರು, ಹೊಲ ಮಗನ ಕೈಗೆ ಹೋಯಿತು, ಒಲೆ ನನ್ನ ಕೈಗೆ ಬಂತು, ಕಡೆಗೆ ಕಣ್ಣು ಹೋಗುತ್ತಿದ್ದವು. ಅವರದು ಎಂದು ಉಳಿದಿದ್ದದ್ದು ಅದೊಂದೇ. "ಬೆಳಕು ಇನ್ನಾ ಕಾಣತೈತಿ ನನಗ. ಬೆಳಕು ಕಾಣೂ ತನಕಾ ಒಳಗ ಹೋಗಾಕಿ ನಾ. ಅದೂ ಕಾಣದಂಗಾದ ದಿನ ನಾನ ಕರದು ಕೀಲಿಕೈ ಕೊಡ್ತೀನಿ" ಎಂದು ಖಡಾಖಂಡಿತ ಹೇಳಿದರು. ಭಾವ ಆ ಮಾತಿಗೆ ಒಪ್ಪಿದರು. ಬೆಳಕು ಕಾಣುತ್ತದೆ ಅಂದಮೇಲೆ ಬೆಳಕನ್ನೇ ಹಾಕಿಬಿಡೋಣ ಎಂದು ಕುಕನೂರಿಗೆ ಹೋಗಿ ಜೋರಾಗಿ ಉರಿಯುವ ಎಲ್‌ಇಡಿ ಬಲ್ಬು ತಂದು ಕತ್ತಲಕೋಣೆಯ ನಡುಮಧ್ಯೆ ತೂಗಿಬಿಟ್ಟರು. ಗೋಡೆಯ ಸ್ವಿಚ್ಚು ಕೈಗೆ ಸಿಗಲಿಕ್ಕಿಲ್ಲ ಎಂದು, ಬಾಗಿಲ ಪಕ್ಕ ವಯರಿನಲ್ಲಿ ಜೋತಾಡುವ ಗುಂಡಿ ಹಾಕಿಸಿದರು, ಆಸ್ಪತ್ರೆಯಲ್ಲಿ ಹಾಸಿಗೆ ಬದಿಗೆ ಇರುತ್ತದಲ್ಲ, ಅಂಥದ್ದು. ಒಮ್ಮೆ ಒತ್ತಿದರೆ ದೀಪ ಹತ್ತುತ್ತದೆ, ಇನ್ನೊಮ್ಮೆ ಒತ್ತಿದರೆ ಆರುತ್ತದೆ. ಆಲೂಗಡ್ಡೆಗೆ ಬೆಳಕು ಆಗದು ಎಂದು ಅತ್ತೆ ಗೊಣಗಿದರು. ನೀನು ಒಳಗಿರುವಷ್ಟು ಹೊತ್ತು ತಾನೇ, ಅಷ್ಟರಿಂದ ಏನೂ ಆಗುವುದಿಲ್ಲ ಎಂದು ಭಾವ ಸಮಾಧಾನ ಮಾಡಿದರು. ಅಲ್ಲಿಂದ ಮುಂದೆ ಅತ್ತೆ ಒಳಗೆ ಹೋಗುವಾಗ ಟಕ್, ಹೊರಗೆ ಬರುವಾಗ ಟಕ್. ಅಡುಗೆಮನೆಯಲ್ಲಿದ್ದ ನನಗೆ ಎರಡೂ ಸದ್ದು ಕೇಳುತ್ತಿದ್ದವು.

ಈ ವರ್ಷ ಬೀಗರ ಚೀಲ ಒಂದು ಖುಷಿ ಸುದ್ದಿಯ ಜೊತೆ ಬಂತು, ನಾದಿನಿ ಬಸುರಿ. ಎಳ್ಳಮಾಸಿ ಕಳೆದ ಮೇಲೆ ಸೀಮಂತದ ಕುಬಸ, ಅದೂ ನಮ್ಮ ಮನೆಯಲ್ಲೇ, ಬೀಗರೆಲ್ಲ ಬರುವುದು ಎಂದಾಯಿತು. ಅತ್ತೆಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. "ಪೂರಿ ಜೋಡಿ ಪಲ್ಯಾ ಅವರ ಗಡ್ಡೀದ ಆಗಬೇಕು. ಇಷ್ಟ ದಿನಾ ಹೆಂಗ ಇಟ್ಟೀರಿ ಅಂತ ಬೀಗತಿ ಕೇಳಬೇಕು" ಎಂದು ಮನೆಗೆ ಬಂದವರಿಗೆಲ್ಲ ಹೇಳತೊಡಗಿದರು. ಮರಳು ಹೊಸದಾಗಿ ಹಾಸಿಸಿದರು. ಒಂದೊಂದನ್ನೂ ಕೈಯಲ್ಲಿ ಹಿಡಿದು, ಮೂಸಿ, ಒತ್ತಿ ಆರಿಸಿದರು. ಅವರು ಹಾಗೆ ಕೂತು ಆರಿಸುವುದನ್ನು ನೋಡುತ್ತ ನಿಂತುಬಿಡುತ್ತಿದ್ದೆ ನಾನು. ಬೆರಳುಗಳಿಗೆ ಅಷ್ಟು ಅವಸರವೂ ಇಲ್ಲ, ಅನುಮಾನವೂ ಇಲ್ಲ.

ಕುಬಸ ವಾರದೊಳಗೆ ಇತ್ತು. ಅವತ್ತು ಬೆಳಿಗ್ಗೆ ಬಹಳ ದಿನದ ಮೇಲೆ ಪಲ್ಯಕ್ಕೆಂದು ಅತ್ತೆ ಒಂದು ಪುಟ್ಟಿ ಆಲೂಗಡ್ಡೆ ತಂದು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟು ಹಿತ್ತಲಿಗೆ ಹೋದರು. ನಾನು ಈಳಿಗೆ ಹಾಕಿಕೊಂಡು ಒಂದನ್ನು ಕೈಗೆತ್ತಿಕೊಂಡೆ. ಮೇಲ್ಮೈ ಪೂರಾ ಹಸಿರು. ಕೆಳಗೆ ಬೇವಿನೆಲೆಗೆ ತಾಗಿದ ಕಡೆ ಮಾತ್ರ ಮೊದಲಿನ ಬಣ್ಣ. ಇನ್ನೊಂದು ತೆಗೆದೆ, ಅದೂ ಹಾಗೇ. ಗಟ್ಟಿಯಾಗಿದ್ದವು, ವಾಸನೆ ಇರಲಿಲ್ಲ, ಮೊಳಕೆ ಇರಲಿಲ್ಲ. ಬೆರಳಿಗಾಗಲಿ ಮೂಗಿಗಾಗಲಿ ಗೊತ್ತಾಗುವ ಕೆಡುಕಲ್ಲ ಅದು. ಬಣ್ಣ ಕಂಡರಷ್ಟೇ ಗೊತ್ತಾಗುವಂಥದ್ದು. ಗಾಳಿತೂತಿನಿಂದ ಬೆಳಕು ಬೀಳುತ್ತಿದೆಯೋ, ಮಾಳಿಗೆ ಎಲ್ಲಾದರೂ ಬಿರುಕು ಬಿಟ್ಟಿದೆಯೋ ಎಂದು ಯೋಚಿಸುತ್ತಿದ್ದಾಗಲೇ ಅತ್ತೆ ಬೆಲ್ಲ ತರಲೆಂದು ಮತ್ತೆ ಕತ್ತಲಕೋಣೆಯ ಕಡೆ ಹೋದರು. ನೋಡೋಣವೆಂದು ನಾನೂ ಸದ್ದಿಲ್ಲದೆ ಹಿಂದೆ ಹೋದೆ.

ಅವರು ಕೀಲಿ ತೆಗೆದು ಬಾಗಿಲು ತಳ್ಳಿದರು. ಕೋಣೆಯ ತುಂಬ ಬೆಳಕು ಝಗ್ಗೆಂದು ಉರಿಯುತ್ತಿತ್ತು. ಅತ್ತೆ ಪಕ್ಕಕ್ಕೆ ಕೈ ಚಾಚಿ ಗುಂಡಿ ಹಿಡಿದು ಟಕ್ಕೆಂದು ಒತ್ತಿದರು. ಬೆಳಕು ಆರಿತು. ಅವರು ನೆಮ್ಮದಿಯಿಂದ ಕತ್ತಲೊಳಗೆ ನಡೆದರು. ಬೆಲ್ಲದ ಡಬ್ಬಿ ತೆರೆದ ಸದ್ದು, ಮುಚ್ಚಿದ ಸದ್ದು ಕೇಳಿತು. ಹೊರಗೆ ಬಂದು ಮತ್ತೆ ಟಕ್ಕೆಂದು ಒತ್ತಿದರು. ಬೆಳಕು ಹತ್ತಿತು. ಬಾಗಿಲು ಎಳೆದು ಕೀಲಿ ಹಾಕಿ, ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು, ಗೋಡೆಗೆ ಒತ್ತಿ ನಿಂತಿದ್ದ ನನ್ನ ಮುಂದೆಯೇ ಹಾದುಹೋದರು.

ಯಾವತ್ತೋ ಭಾವ ಅವರ ಜೊತೆ ಒಳಗೆ ಹೋಗಿದ್ದು, ಹೊರಗೆ ಬರುವಾಗ ಒಬ್ಬರಿಗೊಬ್ಬರು ತಿಳಿಯದೆ ಇಬ್ಬರೂ ಗುಂಡಿ ಒತ್ತಿರಬೇಕು. ಅಂದಿನಿಂದ ಎಲ್ಲ ತಿರುವುಮುರುವು. ಅತ್ತೆ ಒಳಗಿದ್ದಾಗ ಕತ್ತಲು, ಉಳಿದೆಲ್ಲ ಹೊತ್ತು ಬೆಳಕು. ಆ ಬಲ್ಬಿನ ಎದುರು ಬಾಗಿಲು ತೆರೆದು ನಿಂತರೂ ಅವರಿಗೆ ತಿಳಿದಿಲ್ಲ. ಅಂದರೆ ಬೆಳಕು ಕಾಣುತ್ತದೆ ಅನ್ನುವುದು ಬರೀ ಬಾಯಿಮಾತು. "ಇವತ್ತ ಮೋಡ ಆಗೈತಿ" ಅನ್ನುತ್ತಿದ್ದರಲ್ಲ, ಅದು ಮುಖಕ್ಕೆ ಬಿಸಿಲು ತಾಗದೆ ಇದ್ದದ್ದರಿಂದ ಹೇಳಿದ್ದು. ನಾನು ಬಾಗಿಲಿಗೆ ಬಂದ ಕೂಡಲೇ ನನ್ನ ಕಡೆ ತಿರುಗುತ್ತಿದ್ದರಲ್ಲ, ಅದು ಬಳೆ ಸದ್ದಿಗೆ. ದಿನಕ್ಕೆರಡು ಸಲ ಆ ಕಣ್ಣುಗಳ ಮೇಲೆ ಬಗ್ಗಿ ಹನಿ ಹಾಕುವ ನನಗೂ ಸುಳಿವು ಕೊಟ್ಟಿರಲಿಲ್ಲ. ಒಬ್ಬ ಹೆಂಗಸು ತನ್ನ ಒಂದು ಕೋಣೆ ಉಳಿಸಿಕೊಳ್ಳಲು ಇಷ್ಟು ದಿನ ಇಡೀ ಮನೆಯನ್ನು ಹೀಗೆ ನಂಬಿಸಿದ್ದಳು. ನನಗೆ ಅಳು ಬಂತು, ಅದರ ಜೊತೆಗೇ ಎಂಥಾ ಗಟ್ಟಿಗಿತ್ತಿ ಇವಳು ಎಂದು ಮೈ ಜುಮ್ಮೆಂದಿತು. ಯಾರಿಗೂ ಹೇಳಬಾರದೆಂದು ಅಲ್ಲೇ ನಿಶ್ಚಯ ಮಾಡಿದೆ.

ಆದರೆ ಕಟ್ಟೆಯ ಮೇಲಿನ ಪುಟ್ಟಿಯನ್ನು ಬಚ್ಚಿಡುವ ಬುದ್ಧಿ ಬರಲಿಲ್ಲ. ಸಂಜೆ ಹೊಲದಿಂದ ಬಂದ ಭಾವ ನೀರು ಕುಡಿಯಲು ಒಳಗೆ ಬಂದವರು ಅದನ್ನು ನೋಡಿದರು. ಪುಟ್ಟಿ ಎತ್ತಿಕೊಂಡು ಪಡಸಾಲೆಗೆ ಹೋಗಿ ಅತ್ತೆಯ ಮುಂದೆ ಇಟ್ಟರು. "ಯವ್ವಾ, ಎಲ್ಲಾ ಹಸರ ಆಗ್ಯಾವು ನೋಡು" ಅಂದರು. ಅತ್ತೆ ಒಂದನ್ನು ತೆಗೆದುಕೊಂಡು ಅಂಗೈಯಲ್ಲಿ ತಿರುಗಿಸಿದರು. ತಿರುಗಿಸುತ್ತಲೇ ಇದ್ದರು. ಆ ಬೆರಳುಗಳು ಮೊದಲ ಸಲ ಏನೂ ಹೇಳಲಾಗದೆ ತಡವರಿಸಿದ್ದನ್ನು ನೋಡಲು ನನ್ನಿಂದಾಗಲಿಲ್ಲ.

"ಲೈಟ್ ನಾ ಹಚ್ಚಿ ಬಿಟ್ಟಿದ್ದೆ, ಭಾವಾರ" ಅಂದೆ. "ಅತ್ತ್ಯಾರ ಹಿಂದ ಒಳಗ ಹೋಗಿದ್ದೆ. ಆರಸೂದು ಮರತಬಿಟ್ಟೆ."

ಭಾವ ಒಳ್ಳೆಯವರು. "ಹೋಗ್ಲಿ ಬಿಡವ್ವಾ, ಆದದ್ದಾತು. ಸಂತ್ಯಾಗ ತಂದ್ರಾತು" ಎಂದು ಎದ್ದರು. ಮಾತು ಅಲ್ಲಿಗೆ ಮುಗಿಯಬಹುದಿತ್ತು. ಅತ್ತೆ ಸುಮ್ಮನೆ ಕೂತಿದ್ದರೆ ಸಾಕಿತ್ತು.

"ಸುಳ್ಳ ಹೇಳಾಕತ್ಯಾಳ ಆಕಿ" ಅಂದರು ಅತ್ತೆ.

ಭಾವ ನಿಂತರು.

"ಹಸರ ಆಗ್ಯಾವು ಅಂದ್ರ ಬೆಳಕು ಬಿದ್ದೈತಿ. ದಿನಾ ಒಳಗ ಹೋಗಿ ಬಂದಾಕಿ ನಾ. ಬೆಳಕು ಹತ್ತಿದ್ದು ನನಗ ಕಾಣಲಿಲ್ಲ. ಎರಡೂ ಕಣ್ಣು ಹೋಗ್ಯಾವು ತಮ್ಮಾ. ಶ್ರಾವಣಕ್ಕ ಹೋಗ್ಯಾವು. ನಾನ ಹೇಳಿಲ್ಲ." ಕೈಯಲ್ಲಿದ್ದ ಆಲೂಗಡ್ಡೆಯನ್ನು ಪುಟ್ಟಿಗೆ ಹಾಕಿದರು. "ಸೊಸಿ ಕಡಿಂದ ಸುಳ್ಳ ಹೇಳಿಸಿ ಕ್ವಾಣಿ ಉಳಿಸಿಕೊಳ್ಳೂವಂಥಾಕಿ ಅಲ್ಲ ನಾ."

ಭಾವ ಅವರ ಕಾಲ ಹತ್ತಿರ ಕೂತರು. ಕೈಯಲ್ಲಿದ್ದ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ನಾನು ಕಂಬಕ್ಕೆ ಒರಗಿ ಬಿಕ್ಕುತ್ತಿದ್ದೆ. ಕಡೆಗೆ ಭಾವ ಮೆಲ್ಲಗೆ, ಮಗುವಿಗೆ ಹೇಳುವ ಧ್ವನಿಯಲ್ಲಿ, "ಹಂಗಾದ್ರ ಕೀಲಿಕೈ ಕೊಡು ಯವ್ವಾ" ಎಂದು ಕೈ ಚಾಚಿದರು.

"ಕಣ್ಣು ಹೋಗ್ಯಾವಂತ ಹೇಳೀನಿ. ಕೀಲಿಕೈ ಕೊಡ್ತೀನಂತ ಹೇಳಿಲ್ಲ."

"ನೀನ ಮಾತು ಕೊಟ್ಟಿದ್ದಿ."

"ಕೊಟ್ಟಿದ್ದೆ. ಈಗ ಆ ಮಾತು ತಪ್ಪೀನಿ, ಬೈ ಬೇಕಾರ" ಅಂದರು. "ಕಣ್ಣು ಹೋದ ಮ್ಯಾಲೆ ಒಂದರ ಗಡ್ಡಿ ಕೊಳತೈತೇನು? ಒಂದ ಸಲಾನಾರ ಬಿದ್ದೀನೇನು? ಬಿದ್ದದ್ದು ಅರೆಬರೆ ಕಾಣೂ ಮುಂದ. ಪೂರಾ ಹೋದ ಮ್ಯಾಲೆ ಎಡವಿಲ್ಲ ನಾ. ಕೆಡಿಸಿದ್ದು ನಿನ್ನ ಬಲ್ಬು. ಮೊದಲ ಅದನ್ನ ತಗಿ. ಬುಟ್ಟ್ಯಾಗಿನವು ಗೋಣಿತಟ್ಟಿನ ಕೆಳಗ ಅದಾವು, ಅವಕ್ಕೇನೂ ಆಗಿರೂದಿಲ್ಲ, ಬೇಕಾರ ಹೋಗಿ ನೋಡ್ರಿ."

ಅತ್ತೆ ತಾವೇ ಹೋಗಿ ಬಾಗಿಲ ಕೀಲಿ ತೆಗೆದು ಬಂದು ಮತ್ತೆ ಕೂತರು. ನಾನು ಕಣ್ಣೊರೆಸಿಕೊಂಡು ಹೋಗಿ ನೋಡಿದೆ. ಗೋಣಿತಟ್ಟು ಎತ್ತಿದರೆ ಬುಟ್ಟಿಯ ತುಂಬ ಒಂದಾದರೂ ಹಸಿರಾಗಿರಲಿಲ್ಲ. ಕುಬಸದ ದಿನ ಬೀಗರ ತಾಟಿಗೆ ಬಿದ್ದದ್ದು ಅವೇ, ಬೀಗತಿ ಎರಡೆರಡು ಸಲ ಹಾಕಿಸಿಕೊಂಡರು. ಅವತ್ತು ಸಂಜೆ ನಾನು ಪಡಸಾಲೆಗೆ ಬಂದು, "ಛಲೋ ಅದಾವ್ರೀ ಅತ್ತ್ಯಾರ" ಎಂದು ಹೇಳಿದಾಗ ಅತ್ತೆ ಗೆದ್ದವರ ಹಾಗೆ ಮುಖ ಎತ್ತಲಿಲ್ಲ. ಸುಮ್ಮನೆ ಸೊಂಟದಿಂದ ಕೀಲಿಕೈ ತೆಗೆದು ಮುಷ್ಟಿಯಲ್ಲಿ ಬಿಗಿಹಿಡಿದು ಮಗನ ಮಾತಿಗೆ ಕಾದರು. ಗಟ್ಟಿ ಬಾಯಿಯ ನಮ್ಮ ಅತ್ತೆ ಯಾರ ಮಾತಿಗಾದರೂ ಹಾಗೆ ಕಾದದ್ದನ್ನು ನಾನು ನೋಡಿರಲಿಲ್ಲ.

ಭಾವ ಎದ್ದು ಸ್ಟೂಲು ತೆಗೆದುಕೊಂಡು ಕತ್ತಲಕೋಣೆಗೆ ಹೋದರು. ಹೊರಗೆ ಹೊತ್ತು ಮುಳುಗಿತ್ತು. ಝಗಝಗಿಸುವ ಬಲ್ಬನ್ನು ಎವೆಯಿಕ್ಕದೆ ನೋಡುತ್ತ, ಟವೆಲ್ಲಿನಲ್ಲಿ ಹಿಡಿದು ತಿರುಗಿಸಿ ಕಿತ್ತರು. ಕೋಣೆ ಗವ್ವೆಂದಿತು. ಸ್ಟೂಲಿನಿಂದ ಇಳಿದ ಸದ್ದು ಕೇಳಿತು, ಆಮೇಲೆ ಕಿಮಕ್ ಇಲ್ಲ. ಸುತ್ತ ಮರಳಿನ ಮೇಲೆ ಆಲೂಗಡ್ಡೆ, ನಡುವೆ ಬುಟ್ಟಿ, ಭರಣಿ, ಡಬ್ಬಿ. ಅಷ್ಟು ದೊಡ್ಡ ಗಂಡಸು ಅಲ್ಲೇ ನಿಂತುಬಿಟ್ಟಿದ್ದರು.

"ಯವ್ವಾ, ಏನೂ ಕಾಣವಲ್ದು. ಕಾಲ ಎಲ್ಲಿ ಇಡ್ಲಿ?" ಎಂದು ಒಳಗಿನಿಂದ ಕೂಗಿದರು.

"ಅಲ್ಲೇ ನಿಂದರು. ಏನೂ ತುಳಿಬ್ಯಾಡ" ಎಂದು ಅತ್ತೆ ಎದ್ದರು. ಕೀಲಿಕೈಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡರು. ಗೋಡೆ ಮುಟ್ಟದೆ, ಹೊಸ್ತಿಲ ಬಳಿ ತಲೆ ಬಗ್ಗಿಸಿ ಒಳಗೆ ಹೋಗಿ, ಮಗನ ಕೈ ಹಿಡಿದುಕೊಂಡು ಹೊರಗೆ ಬಂದರು.